ಹತ್ತಕ್ಕೆ ಹತ್ತು ಅಂಕದ ಶಾಲೆ

ಕಳೆದ ತಿಂಗಳು ತಂಗಿಯ ಮಗ ಬೆಂಗಳೂರಿನಿಂದ ಕರೆ ಮಾಡಿದ್ದ. ಅವನ ಕಂಪನಿ ಅವನನ್ನು ಫಿಲಡೆಲ್ಫಿಯಾಕ್ಕೆ ಕಳುಹಿಸುವುದು ಬಹುತೇಕ ಖಚಿತವಾಗಿದೆ. ಸಂಬಳ, ವೀಸಾ, ಚಳಿ ಇವುಗಳ ಬಗ್ಗೆ ಅವನು ಏನನ್ನೂ ಕೇಳಲಿಲ್ಲ. ಅವೆಲ್ಲ ಅವನಿಗೆ ನನಗಿಂತ ಚೆನ್ನಾಗಿ ತಿಳಿದಿವೆ. ಕೇಳಿದ್ದು ಒಂದೇ ಪ್ರಶ್ನೆ. ‘ಮಾವ, ಪಾಪುನ ಒಂದನೇ ಕ್ಲಾಸಿಗೆ ಸೇರಿಸಬೇಕು. ಹತ್ತಕ್ಕೆ ಹತ್ತು ರೇಟಿಂಗ್ ಇರೋ ಸ್ಕೂಲು ಯಾವ ಏರಿಯಾದಲ್ಲಿದೆ ಹೇಳಿ, ಅಲ್ಲೇ ಮನೆ ನೋಡ್ತೀನಿ.’

ಇಪ್ಪತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ನಾನೂ ಒಬ್ಬ ಹಿರಿಯ ಸಹೋದ್ಯೋಗಿಗೆ ಕೇಳಿದ್ದೆ. ಆತ ಕೊಟ್ಟ ಉತ್ತರವನ್ನೇ ಅನುಸರಿಸಿ, ನಗರದಿಂದ ಹೊರಗಿನ ಒಂದು ಊರಿನಲ್ಲಿ ಮನೆ ಕೊಂಡೆ. ಆದ್ದರಿಂದ ಹುಡುಗನನ್ನು ಹೀಗಳೆಯುವ ಹಕ್ಕು ನನಗಿಲ್ಲ. ಆದರೂ ಊರಿನ ಹೆಸರು ಹೇಳುವ ಮೊದಲು, ‘ಒಂದು ಧಾರಾವಾಹಿ ಇದೆ, ಅದರ ನಾಲ್ಕು ಕಂತು ನೋಡಿ ಆಮೇಲೆ ಮಾತಾಡು’ ಎಂದೆ. ಅವನು ನಕ್ಕ. ಮಾವನಿಗೆ ವಯಸ್ಸಾಯಿತು ಎಂದುಕೊಂಡಿರಬೇಕು.

ಆ ಧಾರಾವಾಹಿಯ ಹೆಸರು ‘ಅಬಾಟ್ ಎಲಿಮೆಂಟರಿ’. 2021ರ ಡಿಸೆಂಬರ್‌ನಲ್ಲಿ ಎಬಿಸಿ ವಾಹಿನಿಯಲ್ಲಿ ಆರಂಭವಾದ ಹಾಸ್ಯ ಧಾರಾವಾಹಿ ಇದು. ಫಿಲಡೆಲ್ಫಿಯಾ ನಗರದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯೇ ಇದರ ರಂಗಸ್ಥಳ. ಶಾಲೆ ಕಾಲ್ಪನಿಕ, ನಗರ ನಿಜ. ಸಾಕ್ಷ್ಯಚಿತ್ರದ ತಂಡವೊಂದು ಶಾಲೆಯನ್ನು ಚಿತ್ರೀಕರಿಸುತ್ತಿದೆ ಎಂಬ ನೆಪದಲ್ಲಿ ಕಥೆ ನಡೆಯುತ್ತದೆ. ಶಿಕ್ಷಕರು ಆಗಾಗ ಕ್ಯಾಮೆರಾದತ್ತ ತಿರುಗಿ ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳುತ್ತಾರೆ. ಆಸ್ಪತ್ರೆಯಿಂದ ತಡವಾಗಿ ಮನೆಗೆ ಬಂದು ಊಟದ ತಟ್ಟೆ ಹಿಡಿದು ನಾನು ನೋಡುವ ಏಕೈಕ ಧಾರಾವಾಹಿ ಇದು. ಕಂತು ಇಪ್ಪತ್ತೆರಡು ನಿಮಿಷದ್ದು. ನಗುತ್ತ ನೋಡಿ ಮುಗಿಸುತ್ತೇನೆ. ಮುಗಿದ ಮೇಲೆ ಮಾತ್ರ ಕೆಲವೊಮ್ಮೆ ಊಟ ಗಂಟಲಲ್ಲಿ ಇಳಿಯುವುದಿಲ್ಲ.

ಮೊದಲ ಕಂತಿನ ಕಥೆ ಒಂದು ನೆಲಹಾಸಿನದು. ಎರಡನೆಯ ತರಗತಿಯ ಶಿಕ್ಷಕಿ ಜನೀನ್ ಟೀಗ್ಸ್ ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿಲ್ಲ. ಉತ್ಸಾಹ ಇನ್ನೂ ಆರಿಲ್ಲ. ಅವಳ ತರಗತಿಯ ಹಳೆಯ ನೆಲಹಾಸಿನ ಮೇಲೆ ಒಂದು ಮಗು ಮೂತ್ರ ಮಾಡಿಬಿಡುತ್ತದೆ. ಮಕ್ಕಳು ಕುಳಿತು ಕಥೆ ಕೇಳುವುದು ಅದೇ ಹಾಸಿನ ಮೇಲೆ. ಮನೆಯಲ್ಲಿ ನಿದ್ದೆಯಿಲ್ಲದ ಮಗು ಕಣ್ಣು ಮುಚ್ಚುವುದೂ ಅದೇ ಹಾಸಿನ ಮೇಲೆ. ಹೊಸತು ಬೇಕು ಎಂದು ಅವಳು ಪ್ರಾಂಶುಪಾಲೆ ಏವಾಳನ್ನು ಕೇಳುತ್ತಾಳೆ. ಶಾಲೆಗೆ ಬಂದ ಹಣದಲ್ಲಿ ಆಕೆ ತನ್ನದೇ ಮುಖವಿರುವ ದೊಡ್ಡ ಫಲಕ ಮಾಡಿಸಿರುತ್ತಾಳೆ. ಕೊನೆಗೆ ಹಾಸುಗಳು ಬರುವುದು ಸರ್ಕಾರದಿಂದಲ್ಲ. ಮೆಲಿಸ್ಸಾ ಎಂಬ ಶಿಕ್ಷಕಿಗೆ ಕ್ರೀಡಾಂಗಣದಲ್ಲಿ ಕೆಲಸ ಮಾಡುವ ಪರಿಚಿತನೊಬ್ಬನಿದ್ದಾನೆ, ಅವನಿಂದ. ಆ ಹಾಸುಗಳು ಹೇಗೆ ಬಂದವೆಂದು ಯಾರೂ ಹೆಚ್ಚು ವಿಚಾರಿಸುವುದಿಲ್ಲ.

ಈ ಧಾರಾವಾಹಿಯನ್ನು ಸೃಷ್ಟಿಸಿದವರು ಮತ್ತು ಜನೀನ್ ಪಾತ್ರ ವಹಿಸಿದವರು ಕ್ವಿಂಟಾ ಬ್ರನ್ಸನ್. ಅವರು ಹುಟ್ಟಿ ಬೆಳೆದದ್ದು ಫಿಲಡೆಲ್ಫಿಯಾದ ಪಶ್ಚಿಮ ಭಾಗದಲ್ಲಿ. ತಾಯಿ ಅದೇ ನಗರದಲ್ಲಿ ಶಿಶುವಿಹಾರದ ಶಿಕ್ಷಕಿಯಾಗಿದ್ದವರು. ಧಾರಾವಾಹಿಯ ಶಾಲೆಗೆ ಬ್ರನ್ಸನ್ ಇಟ್ಟ ಹೆಸರು ಆರನೆಯ ತರಗತಿಯಲ್ಲಿ ತಮಗೆ ಕಲಿಸಿದ ಜಾಯ್ಸ್ ಅಬಾಟ್ ಅವರದು. 2022ರಲ್ಲಿ ಇದರ ಚಿತ್ರಕಥೆಗಾಗಿ ಬ್ರನ್ಸನ್‌ಗೆ ಎಮ್ಮಿ ಪ್ರಶಸ್ತಿ ಬಂತು. ಹಿರಿಯ ಶಿಕ್ಷಕಿ ಬಾರ್ಬರಾ ಹೋವರ್ಡ್ ಪಾತ್ರಕ್ಕಾಗಿ ಶೆರಿಲ್ ಲೀ ರಾಲ್ಫ್ ಅವರೂ ಅದೇ ವರ್ಷ ಎಮ್ಮಿ ಪಡೆದರು. ಧಾರಾವಾಹಿಯ ಪ್ರಚಾರಕ್ಕೆಂದು ತೆಗೆದಿಟ್ಟ ಹಣದಲ್ಲಿ ಒಂದು ಭಾಗವನ್ನು ನಿಜವಾದ ಶಿಕ್ಷಕರಿಗೆ ಬೇಕಾದ ಸಾಮಗ್ರಿ ಕೊಳ್ಳಲು ಬಳಸಲಾಯಿತು ಎಂದು ಬ್ರನ್ಸನ್ ಹೇಳಿದ್ದರು. ಸುದ್ದಿ ಓದಿದಾಗ ಸಂತೋಷವಾಯಿತು. ಜಗತ್ತಿನ ಅತಿ ಸಿರಿವಂತ ದೇಶದಲ್ಲಿ ತರಗತಿಗೆ ಪೆನ್ಸಿಲ್ ಒದಗಿಸಲು ಒಂದು ಹಾಸ್ಯ ಧಾರಾವಾಹಿ ಮುಂದಾಗಬೇಕಾಯಿತಲ್ಲ ಎಂದೂ ಅನಿಸಿತು.

ಊರಿನಲ್ಲಿರುವ ನಮ್ಮ ಬಂಧುಗಳಿಗೆ ಇದು ಆಶ್ಚರ್ಯವೆನಿಸಬಹುದು. ಅಮೆರಿಕದ ಶಾಲೆ ಎಂದೊಡನೆ ಅವರ ಕಣ್ಣ ಮುಂದೆ ಬರುವುದು ಹಳದಿ ಬಸ್ಸು, ಹಸಿರು ಮೈದಾನ, ಕಾರಿಡಾರಿನಲ್ಲಿ ಸಾಲಾಗಿ ನಿಂತ ಕಬ್ಬಿಣದ ಲಾಕರುಗಳು. ನಾವು ಕಳುಹಿಸುವ ಛಾಯಾಚಿತ್ರಗಳಲ್ಲಿ ಅದೇ ಇರುತ್ತದೆ. ಅದು ಸುಳ್ಳಲ್ಲ. ಆದರೆ ‘ಅಮೆರಿಕದ ಶಾಲೆ’ ಎಂಬ ಒಂದೇ ವಸ್ತು ಇಲ್ಲಿ ಇಲ್ಲ. ಹತ್ತು ಮೈಲಿಯ ಅಂತರದಲ್ಲಿ ಎರಡು ಸರ್ಕಾರಿ ಶಾಲೆಗಳಿರುತ್ತವೆ. ಒಂದರಲ್ಲಿ ಈಜುಕೊಳ, ಇನ್ನೊಂದರಲ್ಲಿ ಬೇಸಿಗೆಯ ಬಿಸಿಲು ಏರಿದರೆ ಮಕ್ಕಳನ್ನು ಮಧ್ಯಾಹ್ನಕ್ಕೇ ಮನೆಗೆ ಕಳುಹಿಸುವ ಸ್ಥಿತಿ. ಹವಾನಿಯಂತ್ರಣವಿಲ್ಲದ ಹಳೆಯ ಕಟ್ಟಡಗಳ ಕಾರಣದಿಂದ ಫಿಲಡೆಲ್ಫಿಯಾದಲ್ಲಿ ಇದು ಹಲವು ಬಾರಿ ನಡೆದಿದೆ.

ಕಾರಣವನ್ನು ಹುಡುಕಲು ಬಹು ದೂರ ಹೋಗಬೇಕಾಗಿಲ್ಲ. ಇಲ್ಲಿ ಶಾಲೆಗಳ ಹಣದ ಬಹುಪಾಲು ಬರುವುದು ರಾಜ್ಯ ಸರ್ಕಾರದಿಂದ ಮತ್ತು ಸ್ಥಳೀಯ ತೆರಿಗೆಗಳಿಂದ. ಕೇಂದ್ರ ಸರ್ಕಾರದ ಪಾಲು ಸಾಮಾನ್ಯ ವರ್ಷಗಳಲ್ಲಿ ಹತ್ತರಲ್ಲಿ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಸ್ಥಳೀಯ ತೆರಿಗೆಯಲ್ಲಿ ಮುಖ್ಯವಾದದ್ದು ಮನೆ-ಜಮೀನಿನ ಮೇಲಿನ ಆಸ್ತಿ ತೆರಿಗೆ. ಬೆಲೆಬಾಳುವ ಮನೆಗಳಿರುವ ಊರಿನಲ್ಲಿ ಕಡಿಮೆ ದರದ ತೆರಿಗೆಯಿಂದಲೂ ಹೆಚ್ಚು ಹಣ ಕೂಡುತ್ತದೆ, ಶಾಲೆ ಚೆನ್ನಾಗಿರುತ್ತದೆ, ಶಾಲೆ ಚೆನ್ನಾಗಿದೆಯೆಂದು ನಮ್ಮಂಥವರು ಅಲ್ಲಿಗೆ ಮುಗಿಬೀಳುತ್ತೇವೆ, ಮನೆಯ ಬೆಲೆ ಇನ್ನಷ್ಟು ಏರುತ್ತದೆ. ಬಡವರ ಬಡಾವಣೆಯಲ್ಲಿ ಇದೇ ಚಕ್ರ ಹಿಂದಕ್ಕೆ ತಿರುಗುತ್ತದೆ. ಅಲ್ಲಿ ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟಿದರೂ ಒಟ್ಟುಗೂಡುವ ಹಣ ಕಡಿಮೆ. ಜನೀನ್‌ಳ ನೆಲಹಾಸು ಹರಿದಿರುವುದು ಇಲ್ಲಿ. ಏವಾಳ ಮುಖದ ಫಲಕ ಬರೀ ನೆಪ.

ಇದು ನ್ಯಾಯವೇ ಎಂದು ಕೇಳಿದವರಿಲ್ಲವೆಂದಲ್ಲ. ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೋ ನಗರದ ಎಜ್‌ವುಡ್ ಎಂಬ ಬಡ ಶಾಲಾ ಜಿಲ್ಲೆಯ ಮೆಕ್ಸಿಕನ್ ಮೂಲದ ಪೋಷಕರು ಇದೇ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಯ್ದರು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ ಅವರ ವಿರುದ್ಧ ತೀರ್ಪು ನೀಡಿತು. ಶಿಕ್ಷಣವು ಈ ದೇಶದ ಸಂವಿಧಾನ ಕಾಪಾಡುವ ಮೂಲಭೂತ ಹಕ್ಕುಗಳಲ್ಲಿ ಸೇರಿಲ್ಲವೆಂದೂ, ಆಸ್ತಿ ತೆರಿಗೆಯಿಂದ ಉಂಟಾಗುವ ಅಂತರ ಸಂವಿಧಾನಬಾಹಿರವಲ್ಲವೆಂದೂ ಅದು ಹೇಳಿತು. ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಅದನ್ನು ಒಪ್ಪದೆ ಭಿನ್ನ ತೀರ್ಪು ಬರೆದರು. ಅಂದಿನಿಂದ ಈ ಹೋರಾಟ ರಾಜ್ಯಗಳ ನ್ಯಾಯಾಲಯಗಳಿಗೆ ಸರಿಯಿತು. ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 2014ರಲ್ಲಿ ಹೂಡಿದ ಮೊಕದ್ದಮೆಗೆ 2023ರ ಫೆಬ್ರುವರಿಯಲ್ಲಿ ತೀರ್ಪು ಬಂತು: ಶಾಲೆಗಳಿಗೆ ಹಣ ಹಂಚುವ ರಾಜ್ಯದ ವ್ಯವಸ್ಥೆ ರಾಜ್ಯದ ಸಂವಿಧಾನಕ್ಕೆ ವಿರುದ್ಧವಾಗಿದೆ. ಮೊಕದ್ದಮೆ ಹೂಡಿದ ವರ್ಷ ಒಂದನೆಯ ತರಗತಿಯಲ್ಲಿದ್ದ ಮಗು ತೀರ್ಪಿನ ಹೊತ್ತಿಗೆ ಪ್ರೌಢಶಾಲೆ ಸೇರಿತ್ತು.

ನಮ್ಮ ದೇಶದ ಸಂವಿಧಾನದಲ್ಲಿ 2002ರ 86ನೆಯ ತಿದ್ದುಪಡಿಯ ಮೂಲಕ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣ ಮೂಲಭೂತ ಹಕ್ಕಾಗಿದೆ. ಅದಕ್ಕೆ ಬಲ ಕೊಡುವ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಾಗದದ ಮೇಲೆ ನಾವು ಅಮೆರಿಕಕ್ಕಿಂತ ಮುಂದಿದ್ದೇವೆ ಎಂದು ಹೇಳಿದರೆ ನನ್ನ ಅಮೆರಿಕನ್ ಮಿತ್ರರು ನಂಬುವುದಿಲ್ಲ, ಭಾರತದ ಮಿತ್ರರು ನಗುತ್ತಾರೆ.

ಇನ್ನು ಹತ್ತಕ್ಕೆ ಹತ್ತರ ವಿಚಾರ. ಮನೆ ಮಾರುವ ಜಾಲತಾಣಗಳಲ್ಲಿ ಪ್ರತಿ ಮನೆಯ ವಿವರದ ಕೆಳಗೂ ಹತ್ತಿರದ ಶಾಲೆಗೆ ಒಂದರಿಂದ ಹತ್ತರವರೆಗಿನ ಒಂದು ಅಂಕ ಇರುತ್ತದೆ. ನಾವು ಅದನ್ನು ಹೋಟೆಲಿನ ನಕ್ಷತ್ರಗಳಂತೆ ಓದುತ್ತೇವೆ. ಆ ಅಂಕದಲ್ಲಿ ದೊಡ್ಡ ಪಾಲು ಪರೀಕ್ಷೆಯ ಫಲಿತಾಂಶದ್ದು. ಪರೀಕ್ಷೆಯ ಫಲಿತಾಂಶವೋ ಮಗುವಿನ ಮನೆಯ ಆದಾಯ, ತಂದೆತಾಯಿಯರ ಓದು, ಮನೆಯಲ್ಲಿರುವ ಪುಸ್ತಕ, ಸಂಜೆಯ ಟ್ಯೂಷನ್ ಇವುಗಳನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ಸೆಪ್ಟೆಂಬರ್‌ನಲ್ಲಿ ಓದಲು ಬಾರದೆ ಬಂದ ಮಗು ಜೂನ್ ಹೊತ್ತಿಗೆ ಕಥೆಪುಸ್ತಕ ಓದುವಂತೆ ಮಾಡಿದ ಶಿಕ್ಷಕಿಯ ಶ್ರಮ ಅದರಲ್ಲಿ ಸರಿಯಾಗಿ ಕಾಣಿಸುವುದಿಲ್ಲ. ವೈದ್ಯನಾಗಿ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಗಟ್ಟಿಮುಟ್ಟಾದ ರೋಗಿಗಳೇ ಬರುವ ಆಸ್ಪತ್ರೆಯಲ್ಲಿ ಸಾವಿನ ಪ್ರಮಾಣ ಕಡಿಮೆಯಿದ್ದರೆ ಅದಕ್ಕೆ ವೈದ್ಯರ ಬೆನ್ನು ತಟ್ಟಬೇಕಾಗಿಲ್ಲ. ಹಾಗೆಂದು ಅಂಕಕ್ಕೆ ಬೆಲೆಯೇ ಇಲ್ಲವೆಂದು ಹೇಳಲಾರೆ. ಒಳ್ಳೆಯ ಅಂಕವಿರುವ ಊರಿನ ಶಾಲೆಗೆ ಹಣವಿದೆ. ಹಣವಿದ್ದಲ್ಲಿ ಗ್ರಂಥಾಲಯ, ಸಂಗೀತ, ದಾದಿ ಎಲ್ಲವೂ ಇರುತ್ತವೆ. ನಾನು ಆ ಊರನ್ನು ಆರಿಸಿಕೊಂಡದ್ದಕ್ಕೆ ಫಲ ಉಂಡಿದ್ದೇನೆ. ನನ್ನ ಮಕ್ಕಳಿಬ್ಬರೂ ಉಂಡಿದ್ದಾರೆ.

ದಾದಿಯ ಮಾತು ಬಂದದ್ದರಿಂದ ನನ್ನ ವೃತ್ತಿಯ ಮಾತನ್ನೂ ಹೇಳುತ್ತೇನೆ. ನಾನು ಮಕ್ಕಳ ವೈದ್ಯ. ಕೆಲಸ ಮಾಡುವುದು ನಗರದಲ್ಲಿ, ನಿದ್ದೆ ಮಾಡುವುದು ಹೊರಗಿನ ಊರಿನಲ್ಲಿ. ಆಸ್ತಮಾ ಇರುವ ಮಗುವಿಗೆ ಶಾಲೆಯಲ್ಲಿ ಇನ್‌ಹೇಲರ್ ಕೊಡಲು ಅನುಮತಿ ಪತ್ರ ಬರೆಯುವುದು ನನ್ನ ನಿತ್ಯದ ಕೆಲಸ. ನಮ್ಮ ಊರಿನ ಶಾಲೆಯ ಮಗುವಾದರೆ ಪತ್ರ ಬರೆದು ಮರೆತುಬಿಡುತ್ತೇನೆ. ನಗರದ ಮಗುವಾದರೆ ತಾಯಿಯನ್ನು ಮತ್ತೆ ಕೇಳಬೇಕು: ಆ ಶಾಲೆಯಲ್ಲಿ ದಾದಿ ಪ್ರತಿದಿನ ಇರುತ್ತಾರೋ, ಇಲ್ಲದ ದಿನ ಯಾರು ಕೊಡುತ್ತಾರೆ? ಪೆನ್ಸಿಲ್ವೇನಿಯಾದ ಕಾನೂನಿನ ಪ್ರಕಾರ ಒಬ್ಬ ಶಾಲಾ ದಾದಿಗೆ 1,500 ಮಕ್ಕಳವರೆಗೂ ವಹಿಸಬಹುದು. ಸಾವಿರದೈನೂರು ಮಕ್ಕಳಲ್ಲಿ ಯಾರ ಉಸಿರು ಯಾವಾಗ ಕಟ್ಟುತ್ತದೆ ಎಂದು ಆಕೆ ಹೇಗೆ ತಿಳಿದಾಳು?

ಕಟ್ಟಡಗಳ ವಿಷಯವೂ ಹಾಗೆಯೇ. ಅಮೆರಿಕದಲ್ಲಿ ಮನೆಗಳಿಗೆ ಸೀಸ ಬೆರೆಸಿದ ಬಣ್ಣ ಬಳಿಯುವುದನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕಿಂತ ಹಳೆಯ ಗೋಡೆಗಳ ಬಣ್ಣ ಸಿಪ್ಪೆಯಾಗಿ ಉದುರಿದಾಗ ಅದರ ಧೂಳು ಮಕ್ಕಳ ಬೆರಳಿನಿಂದ ಬಾಯಿಗೆ ಹೋಗುತ್ತದೆ. ರಕ್ತದಲ್ಲಿ ಸೀಸಕ್ಕೆ ಸುರಕ್ಷಿತವೆನ್ನಬಹುದಾದ ಮಟ್ಟವಿಲ್ಲ. ಅದು ಬುದ್ಧಿಯ ಬೆಳವಣಿಗೆಯನ್ನು, ಗಮನ ಕೊಡುವ ಶಕ್ತಿಯನ್ನು ಸದ್ದಿಲ್ಲದೆ ಕುಗ್ಗಿಸುತ್ತದೆ. ಅಂಥ ಮಗು ಪರೀಕ್ಷೆಯಲ್ಲಿ ಹಿಂದೆ ಬೀಳುತ್ತದೆ, ಶಾಲೆಯ ಅಂಕ ಇಳಿಯುತ್ತದೆ, ನಾವು ಆ ಬಡಾವಣೆಯನ್ನು ಪಟ್ಟಿಯಿಂದ ತೆಗೆದುಹಾಕುತ್ತೇವೆ. 2023ರಲ್ಲಿ ಫಿಲಡೆಲ್ಫಿಯಾದ ಹಲವು ಶಾಲಾ ಕಟ್ಟಡಗಳನ್ನು ಹಾನಿಗೊಂಡ ಕಲ್ನಾರಿನ ಕಾರಣದಿಂದ ತಾತ್ಕಾಲಿಕವಾಗಿ ಮುಚ್ಚಬೇಕಾಯಿತು. ಧಾರಾವಾಹಿಯಲ್ಲಿ ಕಟ್ಟಡದ ದುಃಸ್ಥಿತಿ ನಗೆಯ ವಸ್ತು. ನನ್ನ ಮೇಜಿನ ಮೇಲೆ ಅದು ರಕ್ತಪರೀಕ್ಷೆಯ ವರದಿ.

ಆ ನಗೆಯ ಬಗ್ಗೆ ನನಗೆ ಒಂದು ತಕರಾರೂ ಇದೆ. ಎರಡನೆಯ ಕಂತಿನಲ್ಲಿ ಕಾರಿಡಾರಿನ ಒಂದು ದೀಪ ಮಿಣುಕುತ್ತಿರುತ್ತದೆ. ಯಾರೂ ದುರಸ್ತಿ ಮಾಡಿಸುವುದಿಲ್ಲವೆಂದು ಜನೀನ್ ತಾನೇ ಕೈಹಾಕುತ್ತಾಳೆ. ಶಾಲೆಯ ವಿದ್ಯುತ್ತೇ ಹೋಗುತ್ತದೆ. ನಾವು ನಗುತ್ತೇವೆ, ಅವಳನ್ನು ಇನ್ನಷ್ಟು ಮೆಚ್ಚುತ್ತೇವೆ. ಹಾಗೆ ಮೆಚ್ಚುತ್ತ ಮೆಚ್ಚುತ್ತ, ಶಿಕ್ಷಕಿ ದೀಪ ದುರಸ್ತಿ ಮಾಡುವುದೂ ಸಹಜವೇ ಎಂಬ ಭಾವ ನಮ್ಮಲ್ಲಿ ಬೇರೂರುವ ಅಪಾಯವಿದೆ. ಅಮೆರಿಕದ ತೆರಿಗೆ ಕಾನೂನೇ ಇದನ್ನು ಒಪ್ಪಿಕೊಂಡುಬಿಟ್ಟಿದೆ: ತರಗತಿಗೆಂದು ಸ್ವಂತ ಹಣ ಖರ್ಚು ಮಾಡಿದ ಶಿಕ್ಷಕರು ಅದನ್ನು ತಮ್ಮ ಆದಾಯದಿಂದ ಕಳೆದು ತೋರಿಸಬಹುದು. ಇದರ ವಾರ್ಷಿಕ ಮಿತಿ ಮೊದಲು 250 ಡಾಲರ್ ಇತ್ತು, 2022ರಲ್ಲಿ 300ಕ್ಕೆ ಹೆಚ್ಚಿಸಿದರು. ಶಿಕ್ಷಕರು ಕೈಯಿಂದ ಹಾಕಬೇಕಾದ ಸ್ಥಿತಿಯನ್ನು ತಪ್ಪಿಸುವ ಬದಲು, ಹಾಕಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ ಎಂದು ಹೇಳಿದಂತಾಯಿತು.

2020ರಲ್ಲಿ ನಮ್ಮ ಆಸ್ಪತ್ರೆಯ ಹೊರಗೆ ಜನ ಸಂಜೆ ಚಪ್ಪಾಳೆ ತಟ್ಟುತ್ತಿದ್ದರು. ಒಳಗೆ ನಾವು ಒಂದೇ ಮುಖಗವಸನ್ನು ದಿನಗಟ್ಟಲೆ ಬಳಸುತ್ತಿದ್ದೆವು. ಚಪ್ಪಾಳೆ ತಟ್ಟಿದವರ ಮನಸ್ಸು ಒಳ್ಳೆಯದೇ. ಆದರೆ ಯಾರನ್ನು ವೀರರೆಂದು ಕರೆಯುತ್ತೇವೋ ಅವರಿಗೆ ಏನನ್ನೂ ಕೊಡಬೇಕಾಗಿಲ್ಲ ಎಂಬುದು ಆಗ ನಾನು ಕಲಿತ ಪಾಠ. ಧಾರಾವಾಹಿಯನ್ನು ಬರೆದವರಿಗೆ ಇದು ತಿಳಿಯದೆ ಇಲ್ಲ. ಒಂದು ಕಂತಿನಲ್ಲಿ ಉಳಿದ ಶಿಕ್ಷಕರು ವಿಡಿಯೊ ಮಾಡಿ ದಾನಿಗಳಿಂದ ಸಾಮಗ್ರಿ ಕೇಳುತ್ತಾರೆ; ಬಾರ್ಬರಾ ಮಾತ್ರ ಹಿಂಜರಿಯುತ್ತಾಳೆ. ತಮ್ಮಲ್ಲಿ ಏನಿಲ್ಲವೆಂದು ಎಣಿಸುವುದನ್ನು ಮಕ್ಕಳು ಕಲಿಯಬಾರದು ಎಂಬುದು ಆಕೆಯ ನಿಲುವು. ಆಕೆಯ ಹಿಂಜರಿಕೆಯಲ್ಲಿ ಸ್ವಾಭಿಮಾನವಿದೆ, ದಣಿವೂ ಇದೆ. ಕೇಳಿ ಕೇಳಿ ಸೋತವರ ದಣಿವು ಅದು.

ಬಾರ್ಬರಾಳನ್ನು ನೋಡುವಾಗಲೆಲ್ಲ ನನಗೆ ನೆನಪಾಗುವುದು ಹಾಸನ ಜಿಲ್ಲೆಯ ನಮ್ಮೂರಿನ ಸರ್ಕಾರಿ ಶಾಲೆಯ ಮೇಷ್ಟ್ರು. ಎರಡು ಕೊಠಡಿ, ನಾಲ್ಕು ತರಗತಿ, ಒಬ್ಬರೇ ಮೇಷ್ಟ್ರು. ಮಳೆಗಾಲದಲ್ಲಿ ಹೆಂಚಿನ ಸಂದಿನಿಂದ ನೀರು ಸೋರುವ ಜಾಗಗಳು ನಮಗೆಲ್ಲ ಬಾಯಿಪಾಠವಾಗಿದ್ದವು. ಆ ಜಾಗ ಬಿಟ್ಟು ಮಣೆ ಹಾಕಿಕೊಳ್ಳುತ್ತಿದ್ದೆವು. ಸ್ಲೇಟು ಒಡೆದ ಮಗುವಿಗೆ ಹೊಸ ಸ್ಲೇಟು ಮೇಷ್ಟ್ರ ಚೀಲದಿಂದಲೇ ಬರುತ್ತಿತ್ತು. ಅದು ಅವರ ಸಂಬಳದ ದುಡ್ಡು ಎಂದು ತಿಳಿಯುವಷ್ಟು ನಾವು ದೊಡ್ಡವರಾಗುವ ಹೊತ್ತಿಗೆ ಅವರಿಗೆ ವರ್ಗವಾಗಿತ್ತು. ಮುಂದೆ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಓದಿದೆ. ಅಲ್ಲಿ ನಾನು ಐದೂವರೆ ವರ್ಷಕ್ಕೆ ಕಟ್ಟಿದ ಶುಲ್ಕ ಇಲ್ಲಿ ನನ್ನ ಮಗನ ಒಂದು ಪಠ್ಯಪುಸ್ತಕದ ಬೆಲೆಗೂ ಸಾಲದು. ನನ್ನನ್ನು ಓದಿಸಿದ್ದು ನಾನೆಂದೂ ಕಾಣದ ಜನರ ತೆರಿಗೆ. ಅವರ ಮಕ್ಕಳಲ್ಲಿ ಎಷ್ಟೋ ಮಂದಿ ಕಾಲೇಜಿನ ಮೆಟ್ಟಿಲು ಹತ್ತಿಲ್ಲ.

ನಮ್ಮಲ್ಲಿಯೂ ಶಾಲೆಯ ಕಥೆ ಹೇಳಿ ನಗಿಸಿದ ಚಿತ್ರವೊಂದಿದೆ. 2018ರಲ್ಲಿ ರಿಷಬ್ ಶೆಟ್ಟಿ ನಿರ್ದೇಶಿಸಿದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ಕೇರಳದ ಗಡಿಯಲ್ಲಿ ಮುಚ್ಚಿಹೋಗಲಿರುವ ಕನ್ನಡ ಶಾಲೆಯ ಕಥೆ. ಅನಂತ್ ನಾಗ್ ಅವರ ಅಭಿನಯ. ಅತ್ಯುತ್ತಮ ಮಕ್ಕಳ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಇಲ್ಲಿಯ ಕನ್ನಡ ಕೂಟದವರು ಅದನ್ನು ಪ್ರದರ್ಶಿಸಿದಾಗ ಸಭಾಂಗಣ ತುಂಬಿತ್ತು. ಕೊನೆಯಲ್ಲಿ ಎಲ್ಲರೂ ಕಣ್ಣೊರೆಸಿಕೊಂಡೆವು. ಹೊರಗೆ ಬಂದು ಕಾರು ಹತ್ತುವಾಗ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಅಲ್ಲಿದ್ದವರಲ್ಲಿ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವರು ಬಹಳ ಮಂದಿ; ಊರಿನಲ್ಲಿರುವ ತಮ್ಮ ಅಣ್ಣತಮ್ಮಂದಿರ ಮಕ್ಕಳನ್ನು ಅಂಥ ಶಾಲೆಗೆ ಕಳುಹಿಸಿ ಎಂದು ಹೇಳಬಲ್ಲವರು ಒಬ್ಬರೂ ಇರಲಿಲ್ಲ. ನಾನೂ ಹೇಳಲಾರೆ. ಓದಿದವರು, ಉಳ್ಳವರು ಬಿಟ್ಟುಹೋದ ಶಾಲೆಗಾಗಿ ಅಧಿಕಾರಿಯ ಮುಂದೆ ಗಟ್ಟಿಯಾಗಿ ಕೇಳುವವರು ಉಳಿಯುವುದಿಲ್ಲ. ಕಾಸರಗೋಡಾಗಲಿ ಫಿಲಡೆಲ್ಫಿಯಾವಾಗಲಿ, ಶಾಲೆ ಬಡವಾಗುವ ಬಗೆ ಇದು.

ಕಳೆದ ವಸಂತದಲ್ಲಿ ನಮ್ಮ ಊರಿನ ಶಾಲಾ ಮಂಡಳಿ ಬಜೆಟ್ ಸಭೆ ಕರೆದಿತ್ತು. ತೆರಿಗೆ ಸ್ವಲ್ಪ ಏರಿಸುವುದು, ಇಲ್ಲವೇ ಒಬ್ಬ ಗ್ರಂಥಪಾಲಕರನ್ನೂ ಒಬ್ಬ ದಾದಿಯನ್ನೂ ತೆಗೆಯುವುದು ಎಂಬ ಚರ್ಚೆ. ಇಂಥ ಸಭೆಯಲ್ಲಿ ಊರಿನ ಯಾವ ನಿವಾಸಿಯಾದರೂ ಎದ್ದು ಮಾತಾಡಬಹುದು. ಆ ವಾರ ಒಂದು ಹುಟ್ಟುಹಬ್ಬದ ಊಟದಲ್ಲಿ ವಿಷಯ ಬಂದಾಗ ನನ್ನ ವಯಸ್ಸಿನವರೇ ಆದ ಮಿತ್ರರು, ‘ನಮ್ಮ ಮಕ್ಕಳ ಓದು ಮುಗೀತಲ್ಲ ಡಾಕ್ಟ್ರೇ, ಇನ್ನು ನಾವ್ಯಾಕೆ ಕಟ್ಟಬೇಕು’ ಎಂದರು. ಎಲ್ಲರೂ ತಲೆಯಾಡಿಸಿದರು. ನಾನು ಎದುರು ಮಾತಾಡಲಿಲ್ಲ. ಸಭೆಗೂ ಹೋಗಲಿಲ್ಲ, ದಣಿದಿದ್ದೆ ಎಂಬುದು ನನ್ನ ನೆಪ. ಆ ಸಂಜೆ ಮನೆಯಲ್ಲಿ ಕೂತು ನೋಡಿದ್ದು ‘ಅಬಾಟ್ ಎಲಿಮೆಂಟರಿ’. ಬಜೆಟ್ಟಿನಲ್ಲಿ ಗ್ರಂಥಪಾಲಕರ ಹುದ್ದೆ ಹೋಯಿತು. ದಾದಿ ಉಳಿದರು, ಎರಡು ಶಾಲೆಗಳಿಗೆ ಒಬ್ಬರು.

ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ಏಕೆಂದರೆ ಇಲ್ಲಿಗೆ ಬರಲಿರುವವರಿಗೆ ನನ್ನಂಥವರು ಕೊಡುವ ಸಲಹೆ ‘ಒಳ್ಳೆಯ ಶಾಲೆಯ ಊರು ಹುಡುಕು’ ಎಂಬಲ್ಲಿಗೇ ನಿಲ್ಲುತ್ತದೆ. ಒಳ್ಳೆಯ ಶಾಲೆಯನ್ನು ಯಾರೋ ಪ್ರತಿವರ್ಷ ಕೂತು, ವಾದಿಸಿ, ತೆರಿಗೆ ಕಟ್ಟಿ ಉಳಿಸಿಕೊಂಡಿರುತ್ತಾರೆ ಎಂಬುದನ್ನು ನಾವು ಹೇಳುವುದಿಲ್ಲ. ನಾವು ಬರುತ್ತೇವೆ, ಹನ್ನೆರಡು ವರ್ಷ ಬಳಸುತ್ತೇವೆ, ಎದ್ದು ಹೋಗುತ್ತೇವೆ.

ಆದ್ದರಿಂದ ಬರಲಿರುವವರಿಗೆ ನಾಲ್ಕು ಮಾತು. ಮೊದಲನೆಯದು, ನಿಮ್ಮ ಮಗುವಿಗೆ ಸರ್ಕಾರಿ ಶಾಲೆ ಉಚಿತ. ನೀವು ವಾಸಿಸುವ ವಿಳಾಸವೇ ಶಾಲೆಯನ್ನು ನಿರ್ಧರಿಸುತ್ತದೆ. ವಲಸೆಯ ಕಾಗದಪತ್ರ ಸರಿಯಿಲ್ಲದ ಮಕ್ಕಳನ್ನೂ ಸರ್ಕಾರಿ ಶಾಲೆ ಹೊರಗಿಡುವಂತಿಲ್ಲವೆಂದು 1982ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಲಿಕೆಯಲ್ಲಿ ವಿಶೇಷ ನೆರವು ಬೇಕಾದ ಮಗುವಾದರೆ 1975ರಿಂದಲೂ ಕಾನೂನಿನ ಆಸರೆಯಿದೆ. ಸಂಕೋಚ ಬಿಟ್ಟು ಲಿಖಿತವಾಗಿ ಕೇಳಿ.

ಎರಡನೆಯದು ವೈದ್ಯನ ಮಾತು. ಲಸಿಕೆಯ ದಾಖಲೆಯನ್ನು ಜೋಪಾನವಾಗಿ ತನ್ನಿ. ನಮ್ಮ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆ ಇದೆ. ಮಂಗನಬಾವು ಮತ್ತು ಸಿಡುಬಿನಂತೆ ಗುಳ್ಳೆ ಏಳುವ ಚಿಕನ್‌ಪಾಕ್ಸ್ ಲಸಿಕೆಗಳು ಅದರಲ್ಲಿ ಇಲ್ಲ. ಪೆನ್ಸಿಲ್ವೇನಿಯಾದ ಶಾಲೆಗಳು ಅವೆರಡನ್ನೂ ಕೇಳುತ್ತವೆ. ಪ್ರವೇಶದ ದಿನ ಪರದಾಡುವುದಕ್ಕಿಂತ ಮೊದಲೇ ನಿಮ್ಮ ಮಕ್ಕಳ ವೈದ್ಯರನ್ನು ಕಾಣಿ.

ಮೂರನೆಯದು, ಅಂಕ ನೋಡಿ, ಅಲ್ಲಿಗೇ ನಿಲ್ಲಬೇಡಿ. ಸಾಧ್ಯವಾದರೆ ಶಾಲೆಯೊಳಗೆ ಕಾಲಿಟ್ಟು ನೋಡಿ. ದಾದಿ ವಾರಕ್ಕೆ ಎಷ್ಟು ದಿನ ಇರುತ್ತಾರೆ, ಗ್ರಂಥಾಲಯ ತೆರೆದಿರುತ್ತದೆಯೇ, ಮನೆಯಲ್ಲಿ ಇಂಗ್ಲಿಷ್ ಆಡದ ಮಗುವಿಗೆ ನೆರವು ಏನು, ಶಿಕ್ಷಕರು ಎಷ್ಟು ವರ್ಷ ಅಲ್ಲೇ ಉಳಿಯುತ್ತಾರೆ ಎಂದು ಕೇಳಿ. ಏಳು ಅಂಕದ ಶಾಲೆಯಲ್ಲಿ ಇವಕ್ಕೆಲ್ಲ ಒಳ್ಳೆಯ ಉತ್ತರ ಸಿಕ್ಕೀತು. ಆಗ ಹತ್ತು ಅಂಕದ ಊರಿನ ಬಾಡಿಗೆಗೆ ಸಂಬಳದ ಅರ್ಧ ಸುರಿಯಬೇಕಾಗಿಲ್ಲ.

ನಾಲ್ಕನೆಯದು, ವೀಸಾದಲ್ಲಿರುವವರಿಗೆ ಮತವಿಲ್ಲ, ನಿಜ. ಬಾಡಿಗೆ ಮನೆಯಲ್ಲಿದ್ದರೂ ಆಸ್ತಿ ತೆರಿಗೆಯ ಭಾರ ಬಾಡಿಗೆಯ ಮೂಲಕ ನಿಮ್ಮ ಮೇಲೂ ಬೀಳುತ್ತದೆ. ಶಾಲಾ ಮಂಡಳಿಯ ಸಭೆಯಲ್ಲಿ ಎರಡು ಮಾತಾಡಲು ಅದು ಸಾಕು. ನಮ್ಮ ಊರುಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ನೆನಪಿಸಿಕೊಳ್ಳಿ. ಅದರ ಬಹುಪಾಲು ಸದಸ್ಯರು ಪೋಷಕರೇ. ಬೇಸಾಯದ ಕೆಲಸ ಬಿಟ್ಟು ಬಂದು ಬಿಸಿಯೂಟದ ಅಕ್ಕಿ ಸರಿಯಿದೆಯೇ ಎಂದು ನೋಡುವ ತಾಯಂದಿರು ಅಲ್ಲಿದ್ದಾರೆ. ಡಾಕ್ಟರು, ಎಂಜಿನಿಯರು ಎನಿಸಿಕೊಂಡ ನಾವು ಇಲ್ಲಿ ಅಷ್ಟನ್ನೂ ಮಾಡುವುದಿಲ್ಲವೆಂದರೆ ಅದಕ್ಕೆ ಪುರುಸೊತ್ತಿಲ್ಲ ಎಂಬ ಕಾರಣ ಒಪ್ಪತಕ್ಕದ್ದಲ್ಲ.

ಎರಡು ವಾರದ ನಂತರ ಹುಡುಗ ಮತ್ತೆ ಕರೆ ಮಾಡಿದ. ನಾಲ್ಕು ಕಂತು ಎಂದದ್ದಕ್ಕೆ ಗಂಡಹೆಂಡಿರು ಮೊದಲ ಸರಣಿಯನ್ನೇ ಮುಗಿಸಿದ್ದರಂತೆ. ‘ಮಾವ, ಪಾಪು ಪಕ್ಕದಲ್ಲಿ ಕೂತಿದ್ಲು. ಆ ಮಿಸ್ಸಿಗೆ ಕಾರ್ಪೆಟ್ ಯಾಕೆ ಯಾರೂ ಕೊಡಿಸಲ್ಲ ಅಂತ ಕೇಳಿದ್ಲು. ಏನು ಹೇಳಬೇಕು ಅಂತ ಗೊತ್ತಾಗ್ಲಿಲ್ಲ’ ಎಂದ. ಆಮೇಲೆ ಸ್ವಲ್ಪ ತಡೆದು, ‘ಆದ್ರೂ ಮಾವ, ಏರಿಯಾ ಯಾವುದು ಹೇಳಿ’ ಎಂದ.

ಹೇಳಿದೆ. ಎರಡು ಊರುಗಳ ಹೆಸರು ಕೊಟ್ಟೆ. ಒಂದು ಹತ್ತು ಅಂಕದ್ದು, ಇನ್ನೊಂದು ಏಳು ಅಂಕದ್ದು. ಏಳರ ಶಾಲೆಯಲ್ಲಿ ದಾದಿ ಐದೂ ದಿನ ಇರುತ್ತಾರೆ, ಅದನ್ನೂ ಹೇಳಿದೆ. ಯಾವುದನ್ನು ಆರಿಸುತ್ತಾನೋ ಅವನಿಗೆ ಬಿಟ್ಟದ್ದು. ತಂದೆಯಾದವನಿಗೆ ತನ್ನ ಮಗು ಮೊದಲು, ಅದರಲ್ಲಿ ತಪ್ಪೇನಿಲ್ಲ. ನಮ್ಮ ಊರಿನ ಶಾಲಾ ಮಂಡಳಿಯ ಮುಂದಿನ ಸಭೆ ಬರುವ ತಿಂಗಳ ಎರಡನೆಯ ಮಂಗಳವಾರ ಸಂಜೆ ಏಳಕ್ಕೆ. ಆ ದಿನ ಆಸ್ಪತ್ರೆಯಲ್ಲಿ ನನ್ನ ಪಾಳಿಯನ್ನು ಬದಲಾಯಿಸಿಕೊಂಡಿದ್ದೇನೆ.